ಒಳಗಿನ ಢವಢವ ಹೊರಗೆ ಕೇಳಿಸುವುದಿಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಹಾಸನದ ಕಡೆ ಈಗ ಮದುವೆಗಳ ಕಾಲ. ಹೊರಡುವ ಹೊತ್ತಿಗೆ ಸರಿಯಾಗಿ ತಲೆನೋವು ಬರುವವರು ನಿಮ್ಮ ಮನೆಯಲ್ಲೂ ಇರಬಹುದು. ಛತ್ರಕ್ಕೆ ಬಂದರೂ ಅವರಿಗೆ ಮೂಲೆಯ ಕುರ್ಚಿಯೇ ಬೇಕು. ಮೊದಲ ಪಂಕ್ತಿಯಲ್ಲೇ ಉಂಡು, ಯಾರಿಗೂ ಹೇಳದೆ ಬಸ್ ಹತ್ತುತ್ತಾರೆ. ರಾತ್ರಿ ಮಲಗಿದ ಮೇಲೆ "ಛೇ, ಹಾಗೆ ಅಂದುಬಿಟ್ಟೆನಲ್ಲ, ಏನಂದುಕೊಂಡರೋ" ಅಂತ ಹೊರಳಾಡುತ್ತಾರೆ. ಜನರ ಎದುರು ಹೀಗೆ ಅಂಜುವವರಿಗೆ ನಾನು ಹೇಳುವುದು ಒಂದೇ ಮಾತು. ನಿಮ್ಮ ಒಳಗೆ ಆಗುವುದು ಬೇರೆ, ಎದುರಿನವರಿಗೆ ಕಾಣುವುದು ಬೇರೆ.

ಅರಸೀಕೆರೆ ಕಡೆಯ ಒಬ್ಬ ಟೀಚರ್ ನನ್ನ ಹತ್ತಿರ ಬಂದಿದ್ದರು. ಅವರ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ. ಗಣಿತದ ಟೀಚರ್. ಕ್ಲಾಸಿನಲ್ಲಿ ಅವರ ದನಿ ಕೊನೆಯ ಬೆಂಚಿನವರೆಗೂ ಖಣಖಣ. ಶಾಲೆಯ ವಾರ್ಷಿಕೋತ್ಸವದಲ್ಲಿ ಅವರಿಗೆ ವಂದನಾರ್ಪಣೆ ಒಪ್ಪಿಸಿದರು. ಅತಿಥಿಗಳ ಹೆಸರೆಲ್ಲ ಹೇಳಿ, ಶಾಮಿಯಾನದವರ ಹೆಸರಿಗೆ ಬಂದಾಗ ತಡೆದು ನಿಂತರು. ಅಷ್ಟೇ ಆಗಿದ್ದು. ಆಮೇಲೆ ಮೂರು ವಾರ ಸ್ಟಾಫ್ ರೂಮಿನಲ್ಲಿ ಕೂತು ಊಟ ಮಾಡಲಿಲ್ಲ.

"ಮೇಡಂ, ಕೈಯಲ್ಲಿದ್ದ ಚೀಟಿ ಪಟಪಟ ಅಂತಿತ್ತು. ಮುಖ ಕೆಂಪಾಗಿತ್ತು. ಒಂದು ನಿಮಿಷ ಸುಮ್ನೆ ನಿಂತುಬಿಟ್ಟೆ. ಎಲ್ಲರೂ ನನ್ನನ್ನೇ ನೋಡ್ತಿದ್ರು" ಅಂದರು.

ಸಹೋದ್ಯೋಗಿಯೊಬ್ಬರ ಮೊಬೈಲಿನಲ್ಲಿ ಆ ವಿಡಿಯೋ ಇತ್ತು. ನೋಡೋಣ ಅಂದರೆ ಎರಡು ಸಲ ಬೇಡ ಅಂದರು. ಕೊನೆಗೆ ಒಪ್ಪಿದರು. ಅದರಲ್ಲಿ ಏನೇನು ಕಾಣುತ್ತದೆ ಅಂತ ಮೊದಲೇ ಹಾಳೆಯಲ್ಲಿ ಬರೆಸಿದೆ. ಯಾರೋ ಪರಿಚಯವಿಲ್ಲದ ಹೆಂಗಸನ್ನು ನೋಡುವ ಹಾಗೆ ನೋಡಿ ಅಂದೆ. ತಡೆದು ನಿಂತಿದ್ದನ್ನು ಗಡಿಯಾರ ಹಿಡಿದು ಅಳೆದೆವು. ನಾಲ್ಕು ಸೆಕೆಂಡು! ಚೀಟಿ ಮೈಕಿನ ಹಿಂದೆ ಮರೆಯಾಗಿತ್ತು. ದನಿ ಸ್ವಲ್ಪ ಸಣ್ಣಗಿತ್ತು, ಅಷ್ಟೇ. ಇನ್ನು "ಎಲ್ಲರೂ" ಏನು ಮಾಡುತ್ತಿದ್ದರು? ಮುಂದಿನ ಸಾಲಿನ ಅತಿಥಿಯೊಬ್ಬರು ಹೊದಿಸಿದ್ದ ಶಾಲನ್ನು ಮಡಚುತ್ತಿದ್ದರು. ಒಬ್ಬ ತಾಯಿ ಕೃಷ್ಣನ ವೇಷದ ಮಗುವಿನ ಕಿರೀಟ ಬಿಚ್ಚುತ್ತಿದ್ದಳು, ದಾರ ಕೂದಲಿಗೆ ಸಿಕ್ಕಿಕೊಂಡಿತ್ತು. ಟೀಚರ್ ಮೂರು ಸಲ ಹಾಕಿಸಿಕೊಂಡು ನೋಡಿದರು. "ಇದು ನಾನೇನಾ?" ಅಂದರು.

ಹೀಗೆ ಯಾಕಾಗುತ್ತದೆ? ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞರಾದ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲೇ ಇದನ್ನು ವಿವರಿಸಿದ್ದಾರೆ. ಭಯವಾದಾಗ ನಮ್ಮ ಗಮನ ಎದುರಿನವರನ್ನು ಬಿಟ್ಟು ಒಳಕ್ಕೆ ತಿರುಗುತ್ತದೆ. ಎದೆ ಹೊಡೆದುಕೊಳ್ಳುವುದು, ಕೈ ಬೆವರುವುದು, ಇವನ್ನೇ ಬಣ್ಣ ಮಾಡಿಕೊಂಡು ನಮ್ಮದೊಂದು ಚಿತ್ರ ಬರೆದುಕೊಳ್ಳುತ್ತೇವೆ. ಜನರಿಗೂ ಅದೇ ಚಿತ್ರ ಕಾಣುತ್ತಿದೆ ಅಂತ ನಂಬುತ್ತೇವೆ. ಆ ಚಿತ್ರ ನೋಡಿ ನಮಗೆ ನಾವೇ ಸೊನ್ನೆ ಮಾರ್ಕ್ಸ್ ಕೊಟ್ಟುಕೊಳ್ಳುತ್ತೇವೆ. ಜನ ಕೊಟ್ಟ ಮಾರ್ಕ್ಸ್ ಅಲ್ಲ ಅದು!

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಗೆ ಮುಜುಗರ ತರುವ ಚಿತ್ರವಿದ್ದ ಟೀ ಶರ್ಟ್ ಹಾಕಿಸಿ, ಜನ ಇದ್ದ ಕೋಣೆಗೆ ಕಳಿಸಿದರು. ಅರ್ಧದಷ್ಟು ಜನ ಗಮನಿಸಿರುತ್ತಾರೆ ಅಂತ ಹಾಕಿಕೊಂಡವರು ಅಂದಾಜು ಮಾಡಿದರು. ನಿಜವಾಗಿ ಗಮನಿಸಿದವರು ಕಾಲು ಭಾಗದಷ್ಟು. 2000ನೇ ಇಸವಿಯಲ್ಲಿ ಪ್ರಕಟವಾದ ಅಧ್ಯಯನ ಇದು. ಅದೇ ಮಾತು ನೋಡಿ. ಒಳಗೆ ಆಗುವುದು ಬೇರೆ, ಹೊರಗೆ ಕಾಣುವುದು ಬೇರೆ.

ಸಮಯ ಕಡಿಮೆ ಇದೆ, ಬೇಗ ಹೇಳುತ್ತೇನೆ. ತಲೆ ತಗ್ಗಿಸಿ ಗಡಿಬಿಡಿಯಲ್ಲಿ ಓದಿ ಮುಗಿಸುವುದು, ಕೈ ನಡುಗುವುದು ಕಾಣದಿರಲಿ ಅಂತ ಲೋಟವನ್ನು ಎರಡೂ ಕೈಯಲ್ಲಿ ಅವುಚಿಕೊಳ್ಳುವುದು, ಇವೆಲ್ಲ ಭಯವನ್ನು ಕಾಪಾಡುತ್ತವೆ, ನಿಮ್ಮನ್ನಲ್ಲ. ಮುಂದಿನ ಮದುವೆಯಲ್ಲಿ ನಿಮ್ಮ ಗಮನವನ್ನು ಬೇಕೆಂದೇ ಹೊರಗೆ ಹಾಕಿ. ಪಕ್ಕದವರ ಎಲೆಯಲ್ಲಿ ಪಲ್ಯ ಯಾವುದು, ಓಲಗದವರು ಎಷ್ಟು ಜನ, ನೋಡಿ.

ಅಪ್ಪ ಅಮ್ಮಂದಿರೇ, ನೆಂಟರ ಎದುರು "ನಮ್ಮ ಹುಡುಗಿ ಬಾಯೇ ಬಿಡಲ್ಲ" ಅನ್ನುವುದನ್ನು ದಯವಿಟ್ಟು ನಿಲ್ಲಿಸಿ. ಎಷ್ಟು ಸಲ ಹೇಳಿದರೂ ಇದೊಂದು ನಿಲ್ಲುತ್ತಿಲ್ಲ. ಆ ಮಗು ಒಳಗೊಳಗೇ ನೂರು ಸಲ ಅದನ್ನೇ ಹೇಳಿಕೊಳ್ಳುತ್ತಿರುತ್ತದೆ.

ಭಯದಿಂದ ಕಾಲೇಜು ಬಿಡುವ, ಇಂಟರ್‌ವ್ಯೂ ತಪ್ಪಿಸುವ ಮಟ್ಟಕ್ಕೆ ಬಂದಿದ್ದರೆ ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಎದುರು ಕೂತು ಹೇಳಲು ಸಂಕೋಚವೇ? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಫೋನಿನಲ್ಲಿ ದನಿ ನಡುಗಿದರೂ ಪರವಾಗಿಲ್ಲ, ಅವರು ಕೇಳಿಸಿಕೊಳ್ಳುತ್ತಾರೆ. ಪೆನ್ನು ತಗೊಳ್ಳಿ, ಬರೆದುಕೊಳ್ಳಿ: 14416. ಇನ್ನೊಂದು ಸಲ, ಒಂದು ನಾಲ್ಕು ನಾಲ್ಕು ಒಂದು ಆರು.

ನಮಸ್ಕಾರ.