ಕತ್ತಿ ಹಿಡಿದು ಬಂದವನಿಗೆ ನಿಜ ಹೇಳಬೇಕಾ?

[ಪರದೆ: ರಾತ್ರಿ, ಜೋರು ಮಳೆ. ಅಡಿಕೆ ತೋಟದ ನಡುವೆ ಒಂಟಿ ಹೆಂಚಿನ ಮನೆ. ಅಂಗಳದಲ್ಲಿ ಟಾರ್ಚ್ ಬೆಳಕು.]

ನಮಸ್ಕಾರ. ಹೀಗಂದುಕೊಳ್ಳಿ. ತೀರ್ಥಹಳ್ಳಿ ಕಡೆಯ ಒಂದು ತೋಟದ ಮನೆ. ಆಷಾಢದ ಮಳೆ, ಸಂಜೆಯಿಂದ ಕರೆಂಟಿಲ್ಲ. ಪಕ್ಕದ ಮನೆ ಅಂದರೆ ಅರ್ಧ ಮೈಲಿ, ನಡುವೆ ಒಂದು ಹಳ್ಳ. ಆ ಮನೆಯ ಹೆಂಗಸು ಮಗುವನ್ನು ಎತ್ತಿಕೊಂಡು, ನೆನೆದುಕೊಂಡು ಓಡಿ ಬಂದಿದ್ದಾಳೆ. ಇಬ್ಬರನ್ನೂ ಅಟ್ಟ ಹತ್ತಿಸಿದ್ದಾಗಿದೆ. ಹತ್ತು ನಿಮಿಷಕ್ಕೆ ಗಂಡ ಬಂದ. ಕುಡಿದಿದ್ದಾನೆ. ಕೈಯಲ್ಲಿ ಕತ್ತಿ.

“ಅಕ್ಕಾ, ನಮ್ಮನೆಯವಳು ಇಲ್ಲಿಗೆ ಬಂದ್ಲಾ?”

“ಇಲ್ವಲ್ಲ ಮಾರಾಯ. ಸಂಜೆ ಬಸ್ಸಿಗೆ ಅಮ್ಮನ ಮನೆಗೆ ಹೊರಟ ಹಾಗಿತ್ತು ನೋಡು.”

ಜಗಲಿ ಮೇಲೆ ಮಗುವಿನ ಪುಟ್ಟ ಚಪ್ಪಲಿ, ಇನ್ನೂ ಒದ್ದೆ. ಮಾತಾಡುತ್ತಲೇ ಮನೆಯಾಕೆ ಅದನ್ನು ಕಾಲಿನಿಂದ ಬೆಂಚಿನ ಅಡಿಗೆ ತಳ್ಳುತ್ತಾರೆ.

ಇದು ಸುಳ್ಳು. ತಪ್ಪಾ? “ಇದೂ ಒಂದು ಪ್ರಶ್ನೆನಾ?” ಅಂತ ನಿಮ್ಮಲ್ಲಿ ಹೆಚ್ಚಿನವರು ಅಂದುಕೊಂಡಿರುತ್ತೀರಿ. ಆದರೆ ತಪ್ಪು ಅಂದವರಿದ್ದಾರೆ, ಅವರೇನು ಸಾಮಾನ್ಯದವರಲ್ಲ.

[ಪರದೆ: ಇಮ್ಯಾನುಯೆಲ್ ಕಾಂಟ್. 1724–1804.]

ಜರ್ಮನಿಯ ತತ್ವಜ್ಞಾನಿ ಕಾಂಟ್ 1797ರಲ್ಲಿ ಇದರ ಮೇಲೇ ಒಂದು ಸಣ್ಣ ಪ್ರಬಂಧ ಬರೆದರು. ಆಗ ಅವರಿಗೆ 70 ದಾಟಿತ್ತು. ಫ್ರಾನ್ಸಿನಲ್ಲಿ ಬೆಂಜಮಿನ್ ಕಾನ್‌ಸ್ಟಂಟ್ ಅನ್ನುವ ಲೇಖಕ ಒಂದು ವಾದ ಇಟ್ಟಿದ್ದ. ನಿಜ ಕೇಳುವ ಹಕ್ಕಿದ್ದವರಿಗೆ ಮಾತ್ರ ನಾವು ನಿಜ ಹೇಳಬೇಕು, ಇನ್ನೊಬ್ಬರಿಗೆ ಕೇಡು ಮಾಡುವ ನಿಜ ಕೇಳುವ ಹಕ್ಕು ಯಾರಿಗೂ ಇಲ್ಲ, ಅಂತ. ಕಾಂಟ್ ಒಪ್ಪಲಿಲ್ಲ. ಕೊಲೆಗಾರನೇ ಬಾಗಿಲಲ್ಲಿ ನಿಂತು ಕೇಳಿದರೂ ಸುಳ್ಳು ಹೇಳುವಂತಿಲ್ಲ ಅಂದರು. ಅವರ ಉದಾಹರಣೆ ನೋಡಿ: ನೀವು “ಮನೆಯಲ್ಲಿಲ್ಲ” ಅಂದಿರಿ. ಅಷ್ಟರಲ್ಲಿ ನಿಮಗೇ ಗೊತ್ತಾಗದ ಹಾಗೆ ಅಡಗಿದ್ದವನು ಹೊರಗೆ ಹೋಗಿದ್ದ. ವಾಪಸ್ ಹೊರಟ ಕೊಲೆಗಾರನಿಗೆ ದಾರಿಯಲ್ಲಿ ಸಿಕ್ಕಿಬಿಟ್ಟ. ಹಾಗಾದರೆ ಆ ಸಾವಿನ ಹೊಣೆ ನಿಮ್ಮ ತಲೆ ಮೇಲೆ. ನಿಜ ಹೇಳಿದ್ದರೆ ಆ ಹೊಣೆ ನಿಮಗೆ ತಟ್ಟುತ್ತಿರಲಿಲ್ಲ.

ಕೇಳುವುದಕ್ಕೆ ಜಾಣತನದ ಮಾತು. ಆದರೆ ಈ ಲೆಕ್ಕದಲ್ಲಿ ಅಟ್ಟದ ಮೇಲೆ ಉಸಿರು ಬಿಗಿ ಹಿಡಿದು ಕೂತವಳು ಎಲ್ಲೂ ಬರುವುದೇ ಇಲ್ಲ. ನನ್ನ ಕೈಗೆ ಕೊಳೆ ಹತ್ತಿತಾ ಇಲ್ಲವಾ, ಅಷ್ಟೇ ಚಿಂತೆ.

ಇದನ್ನೇ ತಿರುಗಿಸಿ ಹೇಳುವ ಕಥೆ ನಮ್ಮಲ್ಲಿದೆ.

[ಪರದೆ: ಕೂಡಲಿ. ತುಂಗಾ, ಭದ್ರಾ ಸೇರುವ ಜಾಗ.]

ಮಹಾಭಾರತದ ಕರ್ಣಪರ್ವ. ಗಾಂಡೀವವನ್ನು ಬೇರೆಯವರಿಗೆ ಕೊಡು ಅಂದವರ ತಲೆ ತೆಗೆಯುತ್ತೇನೆ ಅನ್ನುವುದು ಅರ್ಜುನನ ಶಪಥ. ಸಿಟ್ಟಿನಲ್ಲಿ ಹಾಗೆ ಅಂದವನು ಯಾರು? ಅಣ್ಣ ಧರ್ಮರಾಯನೇ! ಅರ್ಜುನ ಕತ್ತಿ ಹಿರಿದ. ಮಾತು ತಪ್ಪಬಾರದಲ್ಲ. ಆಗ ಕೃಷ್ಣ ತಡೆದು ಹೇಳುವ ಕಥೆಯೇ ಕೌಶಿಕನದು. ಕೌಶಿಕ ಒಬ್ಬ ತಪಸ್ವಿ, ನದಿಗಳು ಸೇರುವಲ್ಲಿ ವಾಸ. ಯಾವ ಸಂಗಮ ಅಂತ ಕಥೆ ಹೇಳುವುದಿಲ್ಲ. ನಾವು ಕೂಡಲಿ ಅಂತಲೇ ಇಟ್ಟುಕೊಳ್ಳೋಣ, ಕ್ಯಾಮೆರಾಗೂ ಹತ್ತಿರ. ಸದಾ ನಿಜವನ್ನೇ ಹೇಳುತ್ತೇನೆ ಅಂತ ವ್ರತ ಹಿಡಿದು ಊರಲ್ಲೆಲ್ಲ ಹೆಸರು ಮಾಡಿದ್ದ. ಒಂದು ದಿನ ದರೋಡೆಕೋರರಿಗೆ ಹೆದರಿದ ಕೆಲವರು ಓಡಿ ಬಂದು ಹತ್ತಿರದ ಕಾಡಿಗೆ ನುಗ್ಗಿದರು. ಹಿಂದೆಯೇ ಬಂದ ದರೋಡೆಕೋರರು ಇವನನ್ನೇ ಕೇಳಿದರು: ನೀವು ನಿಜ ಹೇಳುವವರು, ಅವರು ಯಾವ ಕಡೆ ಹೋದರು? ಇವನು ಕಾಡಿನ ಕಡೆ ತೋರಿಸಿದ. ಅಡಗಿದ್ದವರೆಲ್ಲ ಸತ್ತರು. ಕೌಶಿಕ ನರಕಕ್ಕೆ ಹೋದ.

ಕೃಷ್ಣ ಇಲ್ಲಿ ಹಾಕಿಕೊಡುವ ಕ್ರಮ ನನಗೆ ಇಡೀ ಕಥೆಗಿಂತ ಮುಖ್ಯ. ಬಾಯಿ ಬಿಡದೆ ಪಾರಾಗುವ ಹಾಗಿದ್ದರೆ ಬಾಯಿ ಬಿಡಲೇಬೇಡ. ಮಾತಾಡಲೇಬೇಕಾಗಿ ಬಂದರೆ, ಅಥವಾ ಸುಮ್ಮನಿದ್ದರೇ ಅನುಮಾನ ಬರುವ ಹಾಗಿದ್ದರೆ, ಆಗ ಸುಳ್ಳೇ ಮೇಲು. ನಮ್ಮ ತೋಟದ ಮನೆಗೆ ಇದು ಸರಿಯಾಗಿ ಕೂರುತ್ತದೆ. ಅರ್ಧ ಮೈಲಿಗೆ ಇರುವುದು ಅದೊಂದೇ ಮನೆ. “ಹೇಳುವುದಿಲ್ಲ, ಹೋಗು” ಅಂದರೆ ಅವನು ನೇರ ಅಟ್ಟದ ಏಣಿ ಹುಡುಕುತ್ತಾನೆ, ಅಲ್ವಾ?

ಈಗ ಯಾರೋ ಪುಣ್ಯಕೋಟಿಯ ಹೆಸರು ಎತ್ತುತ್ತೀರಿ, ಗೊತ್ತು. ಹುಲಿಗೆ ಕೊಟ್ಟ ಮಾತಿಗೆ ವಾಪಸ್ ಬಂದ ಹಸು. ಆದರೆ ಆ ಹಸು ಹುಲಿಯ ಮುಂದೆ ಇಟ್ಟಿದ್ದು ತನ್ನ ಮಾಂಸ, ತನ್ನ ರಕ್ತ. (ಕರು ತಬ್ಬಲಿ ಆಗುತ್ತಿತ್ತು ಅನ್ನುವ ತಕರಾರು ಇದೆ, ಅದು ಇನ್ನೊಂದು ವಿಡಿಯೋ.) ಕೌಶಿಕ ಇಟ್ಟಿದ್ದು ಬೇರೆಯವರ ಪ್ರಾಣವನ್ನು. ವ್ರತ ಇವನದು, ಖರ್ಚು ಅವರದು.

ಕ್ರೈಸ್ತ ಗುರು ಅಗಸ್ಟೀನ್ ಕೂಡ ಸುಳ್ಳು ಯಾವತ್ತೂ ತಪ್ಪೇ ಅಂದವರು. ಆದರೆ ಅವರು ಮೆಚ್ಚಿ ಹೇಳುವುದು ಫಿರ್ಮಸ್ ಅನ್ನುವ ಬಿಷಪ್‌ನ ಕಥೆ. ಉತ್ತರ ಆಫ್ರಿಕಾದ ತಗಾಸ್ತೆ ಊರಿನವನು. ತನ್ನ ಹತ್ತಿರ ಅಡಗಿದ್ದವನನ್ನು ಹುಡುಕಿಕೊಂಡು ಚಕ್ರವರ್ತಿಯ ಆಳುಗಳು ಬಂದಾಗ, ಸುಳ್ಳೂ ಹೇಳುವುದಿಲ್ಲ, ಹಿಡಿದೂ ಕೊಡುವುದಿಲ್ಲ ಅಂದ. ಚಿತ್ರಹಿಂಸೆ ಕೊಟ್ಟರೂ ಬಾಯಿ ಬಿಡಲಿಲ್ಲ. ಕೊನೆಗೆ ಚಕ್ರವರ್ತಿಯೇ ಮೆಚ್ಚಿ ಅಡಗಿದ್ದವನನ್ನು ಕ್ಷಮಿಸಿದ. ಫಿರ್ಮಸ್‌ಗೆ ಕೈಮುಗಿಯಬೇಕು. ಯಾಕೆಂದರೆ ತನ್ನ ನಿಜದ ಬೆಲೆಯನ್ನು ತನ್ನ ಮೈ ಮೇಲೇ ತೆತ್ತ. ಆದರೆ ಇದನ್ನೇ ಎಲ್ಲರೂ ಮಾಡಿ ಅಂತ ಹೇಳಲು ನನಗೆ ಧೈರ್ಯ ಬರುವುದಿಲ್ಲ.

[ಪರದೆ: ಹೊಸನಗರ ತಾಲೂಕಿನ ನಗರ ಕೋಟೆ.]

ಇದು ನಗರ. ಹಳೆಯ ಹೆಸರು ಬಿದನೂರು, ಕೆಳದಿ ಅರಸರ ರಾಜಧಾನಿ. 1689ರಲ್ಲಿ ಔರಂಗಜೇಬ ಶಿವಾಜಿಯ ಮಗ ಸಂಭಾಜಿಯನ್ನು ಕೊಲ್ಲಿಸಿದ ಮೇಲೆ, ಸಂಭಾಜಿಯ ತಮ್ಮ ರಾಜಾರಾಮ ವೇಷ ಮರೆಸಿಕೊಂಡು ತಮಿಳುನಾಡಿನ ಜಿಂಜಿ ಕೋಟೆಯ ಕಡೆ ಹೊರಟಿದ್ದ. ದಾರಿಯಲ್ಲಿ ಕೆಳದಿ ಚೆನ್ನಮ್ಮ ಆಶ್ರಯ ಕೊಟ್ಟಳು. ಅವನನ್ನು ಒಪ್ಪಿಸು ಅಂತ ಔರಂಗಜೇಬನಿಂದ ಕಾಗದ ಬಂದಾಗ, ಅವನು ನಮ್ಮ ರಾಜ್ಯದಲ್ಲಿಲ್ಲ, ದಾಟಿ ಹೋಗಿದ್ದಾನೆ ಅಂತ ಉತ್ತರ ಬರೆಸಿದಳು ಅನ್ನುತ್ತದೆ ನಮ್ಮ ಕಡೆ ಹೇಳುವ ಕಥೆ. ಆ ಹೊತ್ತಿಗೆ ಅವನನ್ನು ನಿಜವಾಗಿಯೂ ಸಾಗಹಾಕಿ ಆಗಿತ್ತಂತೆ. ಅಂದರೆ ಅಕ್ಷರಕ್ಕೆ ಅಕ್ಷರ ನಿಜ. ಆದರೆ ದಾಟಿಸಿದವಳು ತಾನೇ ಅನ್ನುವುದು ಆ ಕಾಗದದಲ್ಲಿ ಇಲ್ಲ.

ಇಂಥ ಅರ್ಧ ನಿಜ ಹೇಳಿದರೆ ಪಾಪ ತಟ್ಟುವುದಿಲ್ಲ ಅಂತ ಕೆಲವರ ನಂಬಿಕೆ. ನನಗೆ ಹಾಗನ್ನಿಸುವುದಿಲ್ಲ. ಧರ್ಮರಾಯ “ಅಶ್ವತ್ಥಾಮ ಸತ್ತ” ಅಂತ ಜೋರಾಗಿ ಹೇಳಿ “ಆನೆ” ಅನ್ನುವುದನ್ನು ಮೆಲ್ಲಗೆ ಹೇಳಿದ. ಅದೂ ಲೆಕ್ಕಕ್ಕೆ ನಿಜವೇ. ಆದರೂ ನೆಲ ಮುಟ್ಟದೆ ಓಡುತ್ತಿದ್ದ ಅವನ ರಥ ಅವತ್ತು ನೆಲಕ್ಕಿಳಿಯಿತು. ಚೆನ್ನಮ್ಮನ ಉತ್ತರ ಒಬ್ಬನನ್ನು ಉಳಿಸಿತು, ಧರ್ಮರಾಯನದು ಗುರುವನ್ನೇ ಕೊಂದಿತು. ವ್ಯತ್ಯಾಸ ಅಲ್ಲಿದೆ.

ಆದರೆ ಚೆನ್ನಮ್ಮನ ಕಥೆ ಅಷ್ಟು ಸಲೀಸಲ್ಲ. ಮೊಗಲರ ಸೈನ್ಯ ಬಂದೇ ಬಂತು, ಯುದ್ಧ ಆಯಿತು. ಒಬ್ಬ ಅತಿಥಿಗಾಗಿ ಎಷ್ಟೋ ಮನೆಯ ಗಂಡುಮಕ್ಕಳು ಕತ್ತಿಗೆ ಎದುರಾದರು. ರಾಣಿ ಪಣಕ್ಕಿಟ್ಟಿದ್ದು ತನ್ನ ತಲೆಯನ್ನು ಮಾತ್ರವಲ್ಲ. ಆಕೆ ಮಾಡಿದ್ದು ಸರಿ ಅಂತಲೇ ನಾನೂ ಹೇಳುತ್ತೇನೆ, ಆದರೆ ಹೇಳುವಾಗ ಸ್ವಲ್ಪ ತಡವರಿಸುತ್ತೇನೆ.

ಇನ್ನೂ ಕಷ್ಟದ್ದು ಶಿಕಾರಿಪುರ ತಾಲೂಕಿನ ಈಸೂರು.

[ಪರದೆ: ಈಸೂರು. 1942.]

ಚಲೇಜಾವ್ ಚಳವಳಿಯಲ್ಲಿ ಈಸೂರಿನವರು ತಮ್ಮ ಊರನ್ನೇ ಸ್ವತಂತ್ರ ಅಂತ ಘೋಷಿಸಿಕೊಂಡರು. ಸೆಪ್ಟೆಂಬರ್‌ನಲ್ಲಿ ಘರ್ಷಣೆಯಾಗಿ ಇಬ್ಬರು ಅಧಿಕಾರಿಗಳು ಸತ್ತರು. ಆಮೇಲೆ ಪೊಲೀಸು, ಸೈನ್ಯ ಊರಿಗೆ ನುಗ್ಗಿತು. ಜನ ಕಾಡು ಸೇರಿದರು. 1943ರಲ್ಲಿ ಐವರಿಗೆ ಗಲ್ಲಾಯಿತು. ಈಗ ನೀವೇ ಪಕ್ಕದ ಊರಿನವರು ಅಂದುಕೊಳ್ಳಿ. ಪೊಲೀಸರು ಬಂದು ಕೇಳುತ್ತಾರೆ, ಈ ಕಡೆ ಯಾರಾದರೂ ಓಡಿ ಬಂದರಾ? ನಿಮ್ಮ ಕಣ್ಣಿಗೆ ಅವರು ದೇಶಕ್ಕಾಗಿ ನಿಂತ ಹುಡುಗರು. ಸರ್ಕಾರದ ಕಣ್ಣಿಗೆ ಕೊಲೆ ಆರೋಪಿಗಳು. ಸತ್ತ ಇಬ್ಬರ ಮನೆಯಲ್ಲೂ ಅಳುವವರಿದ್ದರು. ಅಮಾಯಕರನ್ನು ಉಳಿಸಲು ಸುಳ್ಳು ಹೇಳಬಹುದು ಅನ್ನುವುದು ಸುಲಭ. ಅಮಾಯಕ ಯಾರು ಅಂತ ನೀವೊಬ್ಬರೇ, ಬಾಗಿಲಲ್ಲಿ ನಿಂತು, ಆ ಕ್ಷಣದಲ್ಲಿ ತೀರ್ಮಾನ ಮಾಡಬೇಕಲ್ಲ, ಅದು ಕಷ್ಟ. ನಾನಾಗಿದ್ದರೆ ಕಾಡಿಗೆ ಓಡಿದ ಹೆಂಗಸರು, ಮಕ್ಕಳ ವಿಷಯದಲ್ಲಿ ಯೋಚಿಸದೆ ಸುಳ್ಳು ಹೇಳುತ್ತಿದ್ದೆ. ಉಳಿದವರ ವಿಷಯದಲ್ಲಿ? ಹೇಳುತ್ತಿದ್ದೆ ಅಂತಲೇ ಅನ್ನಿಸುತ್ತದೆ. ನಿದ್ದೆ ಬರುತ್ತಿತ್ತಾ, ಗೊತ್ತಿಲ್ಲ.

“ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು” ಅನ್ನುವ ಗಾದೆಯನ್ನು ದಯವಿಟ್ಟು ಇದರ ಜೊತೆ ಸೇರಿಸಬೇಡಿ. ಹುಡುಗನ ಕುಡಿತ ಮುಚ್ಚಿಟ್ಟು ಮದುವೆ ಮಾಡಿದರೆ ಆಗುವುದೇನು? ಆ ಹುಡುಗಿಯೇ ನಾಳೆ ಮಳೆಯಲ್ಲಿ ನಿಮ್ಮ ಮನೆ ಬಾಗಿಲು ತಟ್ಟುತ್ತಾಳೆ.

[ಪರದೆ: ಮತ್ತೆ ನಿರೂಪಕ.]

ಈಗ ಆ ಅಕ್ಕನ ಉತ್ತರದ ಮೇಲೆ ನನ್ನದೊಂದು ತಕರಾರು. “ಇಲ್ವಲ್ಲ ಮಾರಾಯ” ಅನ್ನುವವರೆಗೆ ಸರಿ. “ಅಮ್ಮನ ಮನೆಗೆ ಹೊರಟ ಹಾಗಿತ್ತು” ಅಂದಿದ್ದು ಬೇಡವಾಗಿತ್ತು. ಅವನು ಅದೇ ಕತ್ತಿ ಹಿಡಿದು ಅಲ್ಲಿಗೆ ಹೋದರೆ? ಅಲ್ಲಿರುವುದು ವಯಸ್ಸಾದ ತಾಯಿ. ಕಾಂಟ್ ಮಾತನ್ನು ಪೂರ್ತಿ ತಳ್ಳಿಹಾಕಲು ಆಗದಿರುವುದು ಇಲ್ಲಿಯೇ. ನಿಜ ಹೇಳಿದರೆ ಹೊಣೆ ತಪ್ಪುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಆದರೆ ಹೇಳಿದ ಸುಳ್ಳಿಗೆ ಹೊಣೆ ಇದ್ದೇ ಇದೆ. ಹಾಗಾಗಿ ಸುಳ್ಳು ಚಿಕ್ಕದಿರಲಿ. ಅದಕ್ಕೆ ಬಸ್ಸು, ಊರು, ಹೊತ್ತು ಅಂತ ಬಾಲ ಕಟ್ಟಬೇಡಿ. ಅಪಾಯವನ್ನು ಇನ್ನೊಬ್ಬರ ಮನೆಗೆ ಕಳಿಸಬೇಡಿ. ಹಾಗೇ ಹೇಳಿಬಿಟ್ಟಿದ್ದರೆ, ಅವನು ಅಂಗಳ ದಾಟಿದ ತಕ್ಷಣ ಆ ತಾಯಿಗೆ ಫೋನ್ ಮಾಡಿ.

ಇನ್ನೊಂದು ಫೋನ್ ತುರ್ತು ಸಂಖ್ಯೆ 112ಕ್ಕೆ. ಮಹಿಳಾ ಸಹಾಯವಾಣಿ 181 ಇದೆ, ಮಕ್ಕಳಿಗಾದರೆ 1098. ಕತ್ತಿ ಹಿಡಿದು ಬಂದವನಿಗೆ ಉತ್ತರ ಕೊಡಲೇಬೇಕು ಅಂತ ಯಾವ ಕಾನೂನೂ ಇಲ್ಲ. ಆದರೆ ಪೊಲೀಸರು ಬಂದಾಗ ಅವನಿಗೆ ಹೇಳಿದ್ದನ್ನೇ ಅವರಿಗೂ ಹೇಳಬೇಡಿ, ಅಟ್ಟದ ಮೇಲಿದ್ದಾರೆ ಅಂತ ನೇರ ಹೇಳಿ. ಪ್ರಸಂಗ ಉಲ್ಟಾ ಆಗಿ, ತಪ್ಪು ಮಾಡಿ ಓಡಿ ಬಂದವನನ್ನು ಗೊತ್ತಿದ್ದೂ ಅಡಗಿಸಿಟ್ಟರೆ ಭಾರತೀಯ ನ್ಯಾಯ ಸಂಹಿತೆಯ 249ನೇ ಸೆಕ್ಷನ್ ಪ್ರಕಾರ ಅದು ಅಪರಾಧ. ಅಲ್ಲಿ ವಿನಾಯಿತಿ ಇರುವುದು ಗಂಡ ಅಥವಾ ಹೆಂಡತಿಗೆ ಮಾತ್ರ. ಅಪ್ಪ ಅಮ್ಮನಿಗೂ ಇಲ್ಲ. ಮಗನನ್ನು ಅಡಗಿಸಿದ ತಾಯಿಗೂ ಶಿಕ್ಷೆ ಆಗಬಹುದು. ಇದು ನ್ಯಾಯವಾ? ಕಮೆಂಟ್‌ನಲ್ಲಿ ಜಗಳ ಆಡಿ.

ತಾಳಮದ್ದಲೆಯಲ್ಲಿ ಪಾತ್ರವಾಗಿ ಕೂತು ವಾದ ಮಾಡುವ ಅರ್ಥಧಾರಿಗಳು ಯಾರಾದರೂ ನೋಡುತ್ತಿದ್ದರೆ ಒಂದು ಕೋರಿಕೆ: ಕೌಶಿಕನ ಪರ ವಾದ ಮಾಡಿ ಕಳಿಸಿ. ನಾನು ಅವನಿಗೆ ಸರಿಯಾಗಿ ಮಾತಾಡಲು ಬಿಡಲೇ ಇಲ್ಲ.