ಹಸಿರು ಅಕ್ಷರಗಳನ್ನು ಓದಿ: ಆಟೋಪೈಲಟ್ ಮೋಡ್‌ಗಳ ಬಗ್ಗೆ

ಕೇಳುಗರಿಗೆ ನಮಸ್ಕಾರ. ಆಟೋಪೈಲಟ್ ಹಾಕಿದರೆ ವಿಮಾನ ತಾನೇ ಹಾರುತ್ತದೆ ಎನ್ನುವುದು ಅರ್ಧ ನಿಜ. ಅದು ಹಾರುವುದು ಪೈಲಟ್ ಆರಿಸಿಕೊಟ್ಟ ಮೋಡ್‌ಗೆ ತಕ್ಕಂತೆ. ದಿಕ್ಕಿಗೊಂದು, ಎತ್ತರಕ್ಕೊಂದು, ಎಂಜಿನ್ ಶಕ್ತಿ ನೋಡಿಕೊಳ್ಳುವ ಆಟೋಥ್ರಾಟಲ್‌ಗೆ ಇನ್ನೊಂದು.

ದಿಕ್ಕಿನದು ಸರಳ. ಹೆಡಿಂಗ್ ಮೋಡ್‌ನಲ್ಲಿ ಪೈಲಟ್ ತಿರುಗಿಸಿಟ್ಟ ಡಿಗ್ರಿ, ನ್ಯಾವಿಗೇಶನ್ ಮೋಡ್‌ನಲ್ಲಿ ಕಂಪ್ಯೂಟರಿಗೆ ತುಂಬಿಸಿದ ಮಾರ್ಗ. ಎಡವುವುದು ಎತ್ತರದಲ್ಲಿ. 'ವರ್ಟಿಕಲ್ ಸ್ಪೀಡ್' ಆರಿಸಿ ನಿಮಿಷಕ್ಕೆ 2000 ಅಡಿ ಏರು ಎಂದರೆ, ಆಟೋಪೈಲಟ್ ಆ ದರ ಕಾಯಲು ಮೂಗು ಎತ್ತುತ್ತಲೇ ಹೋಗುತ್ತದೆ. 35,000 ಅಡಿಯ ತೆಳುಗಾಳಿಯಲ್ಲಿ ಎಂಜಿನ್ನಿಗೆ ಅಷ್ಟು ಕಸುವು ಇರುವುದಿಲ್ಲ. ಕರಗುವುದು ವೇಗ, ಕೊನೆಗೆ ಸ್ಟಾಲ್, ಅಂದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾರದ ಸ್ಥಿತಿ. ಅಲ್ಲಿ ಬೋಯಿಂಗ್‌ನ 'ಲೆವೆಲ್ ಚೇಂಜ್', ಏರ್‌ಬಸ್‌ನ 'ಓಪನ್ ಕ್ಲೈಂಬ್' ಮೇಲು. ಎಂಜಿನ್ ಏರಲು ನಿಗದಿಯಾದ ಶಕ್ತಿಯಲ್ಲೇ ಓಡುತ್ತದೆ, ಮೂಗು ವೇಗವನ್ನು ಕಾಯುತ್ತದೆ. ಶಕ್ತಿ ಸಾಲದಿದ್ದರೆ ಕುಗ್ಗುವುದು ಏರುವ ದರ.

ಗುಂಡಿ ಒತ್ತಿದೆವು, ಅದರ ದೀಪ ಹೊತ್ತಿತು ಎಂದಷ್ಟಕ್ಕೆ ನಂಬಬಾರದು. ಎದುರಿನ ಮುಖ್ಯ ಪರದೆಯ ನೆತ್ತಿಯಲ್ಲಿ ಫ್ಲೈಟ್ ಮೋಡ್ ಅನನ್ಸಿಯೇಟರ್ ಎಂಬ ಪಟ್ಟಿಯಿದೆ. ಹಸಿರು ಅಕ್ಷರವೆಂದರೆ ಆ ಮೋಡ್ ಈಗ ನಡೆಯುತ್ತಿದೆ. ಏರ್‌ಬಸ್‌ನಲ್ಲಿ ನೀಲಿ, ಬೋಯಿಂಗ್‌ನಲ್ಲಿ ಬಿಳಿಯಾಗಿದ್ದರೆ ಇನ್ನೂ ಕಾಯುತ್ತಿದೆ. ರನ್‌ವೇಗೆ ಇಳಿಯುವ ಇಳಿಜಾರನ್ನು ತೋರುವ ರೇಡಿಯೊ ಸಂಕೇತವಾದ ಗ್ಲೈಡ್‌ಸ್ಲೋಪ್‌ನ ಮೋಡ್ ಹಸಿರಾಗುವ ತನಕ ಅದು ವಿಮಾನವನ್ನು ಇಳಿಸುತ್ತಿಲ್ಲ.

1992ರ ಜನವರಿ 20ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಬಳಿ ಏರ್ ಇಂಟರ್‌ನ ಎ320 ಬೆಟ್ಟಕ್ಕೆ ಬಡಿದು 87 ಮಂದಿ ಸತ್ತರು. 3.3 ಡಿಗ್ರಿ ಇಳಿಜಾರು ಬೇಕಿದ್ದಲ್ಲಿ ನಿಮಿಷಕ್ಕೆ 3300 ಅಡಿ ಇಳಿಯುವ ಮೋಡ್ ಉಳಿದುಕೊಂಡಿರಬೇಕು ಎನ್ನುವುದು ತನಿಖೆಗೆ ಬಲವಾಗಿ ಕಂಡ ಸಾಧ್ಯತೆ. ಅಂದಿನ ಫಲಕದಲ್ಲಿ ಒಂದು ಮೈನಸ್ 3.3 ಎಂದು, ಇನ್ನೊಂದು ಬರೀ ಮೈನಸ್ 33 ಎಂದು ಕಾಣುತ್ತಿತ್ತು. ಇದಾದ ಮೇಲೆ ನಾಲ್ಕೂ ಅಂಕಿ ತೋರಿಸುವಂತೆ ಬದಲಾಯಿಸಿದರು.

ಹಾಗಾಗಿ ಅಂಕಿ ಇಡುವುದು, ಗುಂಡಿ ಒತ್ತುವುದು, ಪಟ್ಟಿಯಲ್ಲಿ ಬಂದದ್ದನ್ನು ಗಟ್ಟಿಯಾಗಿ ಓದುವುದು, ಪಕ್ಕದ ಪೈಲಟ್ ತಾನೂ ನೋಡಿ ಹೌದೆನ್ನುವುದು. ಆಮೇಲೂ ಮೂಗು, ಎಂಜಿನ್, ವೇಗ ಹೇಳಿದಂತೆ ಕೇಳುತ್ತಿವೆಯೇ ಎಂದು ಗಮನಿಸಬೇಕು. ಕೇಳದಿದ್ದರೆ ಇನ್ನಷ್ಟು ಗುಂಡಿ ಒತ್ತುತ್ತಾ ಕೂರಬೇಡಿ. ಹೆಡಿಂಗ್‌ನಂಥ ಸರಳ ಮೋಡ್‌ಗೆ ಇಳಿಯಿರಿ. ಅದೂ ಆಗದಿದ್ದರೆ ಆಟೋಪೈಲಟ್ ತೆಗೆದು ಕೈಯಲ್ಲಿ ಹಾರಿಸಿ. ತೆಗೆಯುವಾಗ ಆಟೋಥ್ರಾಟಲ್ ಯಾವ ಮೋಡ್‌ನಲ್ಲಿದೆ ಎಂದೂ ಅದೇ ಪಟ್ಟಿಯಲ್ಲಿ ನೋಡಿ. ಬೋಯಿಂಗ್‌ನಲ್ಲಿ 'ಹೋಲ್ಡ್' ಎಂದಿದ್ದರೆ ವೇಗ ಕುಸಿಯುತ್ತಿದ್ದರೂ ಅದು ಎಂಜಿನ್ ಶಕ್ತಿಯ ಲಿವರ್ ಸರಿಸದಿರಬಹುದು. ನೀವೇ ಕೈಯಿಂದ ಮುಂದೆ ತಳ್ಳಬೇಕು.