ಗಾರ್ಡು ಬೆಂಚಿನ ಕೆಳಗೆ, ಬೆರಳು ಬೆಂಚಿನ ಮೇಲೆ

ಎಲ್ಲರಿಗೂ ನಮಸ್ಕಾರ. ಇನ್ನು ಎಂಟು ದಿನಕ್ಕೆ ಆಯುಧಪೂಜೆ. ಇಲ್ಲಿ ಮುಂಬಯಿಯವರು ಖಂಡೇನವಮಿ ಅನ್ನುತ್ತಾರೆ. ಜೋಗೇಶ್ವರಿಯಿಂದ ರೇ ರೋಡಿನವರೆಗೆ ಮರಗೆಲಸದ ನಮ್ಮವರ ಗಾಲಾಗಳಲ್ಲೆಲ್ಲ, ಅಂದರೆ ಸಣ್ಣ ವರ್ಕ್‌ಶಾಪುಗಳಲ್ಲೆಲ್ಲ, ಮಶೀನು ಒರೆಸಿ, ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕುತ್ತೇವೆ. ಒರೆಸುವಾಗ ಬೆಂಚಿನ ಕೆಳಗೂ ಒಮ್ಮೆ ಬಗ್ಗಿ ನೋಡಿ. ಟೇಬಲ್ ಸಾ, ಅಂದರೆ ಮೇಜಿನ ಸೀಳಿನಿಂದ ಬ್ಲೇಡು ಮೇಲೆದ್ದು ತಿರುಗುವ ಗರಗಸ, ಅದರ ಜೊತೆ ಬಂದಿದ್ದ ಬ್ಲೇಡು ಮುಚ್ಚುವ ಗಾರ್ಡು, ಬ್ಲೇಡಿನ ಹಿಂದೆ ನಿಲ್ಲುವ ಉಕ್ಕಿನ ತಗಡು, ತಳ್ಳುಕೋಲು, ಮೂರೂ ಮರದ ಹೊಟ್ಟಿನಲ್ಲಿ ಹೂತುಕೊಂಡಿರುತ್ತವೆ.

‘ಗಾರ್ಡು ಯಾಕ್ರೀ, ಕೈ ಪಳಗಿದ್ರೆ ಸಾಕು’ ಅನ್ನುವ ಹಿರಿಯರು ಈ ಸಭೆಯಲ್ಲೇ ಇದ್ದೀರಿ. ಪಳಗಿದ ಕೈಗೆ ನನ್ನ ಗೌರವವಿದೆ. ಆದರೆ ಸ್ವಲ್ಪ ಲೆಕ್ಕ ಹಾಕೋಣ. 10 ಇಂಚಿನ ಬ್ಲೇಡು ನಿಮಿಷಕ್ಕೆ 4,000 ಸುತ್ತು ತಿರುಗಿದರೆ ಹಲ್ಲಿನ ತುದಿಯ ವೇಗ ಗಂಟೆಗೆ ಸುಮಾರು 190 ಕಿಲೋಮೀಟರ್. ಏನೋ ತಪ್ಪಿತು ಅಂತ ಕಣ್ಣು ಕಂಡು ಕೈ ಹಿಂದಕ್ಕೆ ಬರಲು ಕಾಲು ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ಬ್ಲೇಡು ಹದಿನಾರು ಸುತ್ತು ಮುಗಿಸಿರುತ್ತದೆ. ತಪ್ಪಾದ ಮೇಲೆ ಯಾವ ಅಭ್ಯಾಸವೂ ಉಳಿಸುವುದಿಲ್ಲ. ಅಭ್ಯಾಸಕ್ಕೆ ಇರುವ ಜಾಗ ಸ್ವಿಚ್ಚು ಒತ್ತುವ ಮುಂಚೆ ಮಾತ್ರ. ಇದನ್ನು ಇವತ್ತು ಇನ್ನೂ ಎರಡು ಮೂರು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಹಲಗೆ ಎದೆಗೆ ಹೊಡೆಯುವುದು ಹೇಗೆ? ಬ್ಲೇಡಿನ ಮುಂದಿನ ಹಲ್ಲು ಮರವನ್ನು ಮೇಜಿಗೆ ಒತ್ತುತ್ತದೆ. ಹಿಂದಿನ ಹಲ್ಲು ಕೆಳಗಿನಿಂದ ಮೇಲಕ್ಕೆ ಬರುತ್ತಿರುತ್ತದೆ. ಸೀಳಿದ ಮರ ಬಿಗಿತ ಬಿಟ್ಟು ಮುಚ್ಚಿಕೊಂಡರೆ, ಅಥವಾ ಹಲಗೆ ಫೆನ್ಸು (ಅದು ನೇರ ಸಾಗಲು ಒರಗುವ ಪಟ್ಟಿ) ಬಿಟ್ಟು ಕೂದಲೆಳೆಯಷ್ಟು ತಿರುಗಿದರೆ, ಆ ಹಿಂದಿನ ಹಲ್ಲು ಹಲಗೆಯನ್ನು ಎತ್ತಿ ನಿಮ್ಮ ಕಡೆಗೇ ಎಸೆಯುತ್ತದೆ. ಬ್ಲೇಡಿನ ಆಚೆ ಹಲಗೆ ಹಿಡಿದಿದ್ದ ಕೈ ಅದರ ಜೊತೆಗೇ ಬ್ಲೇಡಿನ ಮೇಲೆ ಬರುತ್ತದೆ. ಕೈ ಜಾರಿತು ಅಂತ ನಾವು ಹೇಳುವ ಎಷ್ಟೋ ಗಾಯಗಳಲ್ಲಿ ಕೈ ಜಾರಿರುವುದಿಲ್ಲ, ಹಲಗೆ ಅದನ್ನು ಎಳೆದುಕೊಂಡು ಹೋಗಿರುತ್ತದೆ.

ಇದನ್ನು ತಡೆಯುವುದು ಆ ಹಿಂದಿನ ತಗಡು, ರೈವಿಂಗ್ ನೈಫ್. ಅದು ಬ್ಲೇಡಿನ ತಟ್ಟೆಗಿಂತ ದಪ್ಪ, ಕೊಯ್ದ ಸೀಳಿಗಿಂತ ತೆಳು ಇರಬೇಕು. ಸೀಳು 3 ಮಿಲಿಮೀಟರ್, ತಟ್ಟೆ 2.2 ಆದರೆ ತಗಡು 2.5 ಇರಲಿ. ಅದಕ್ಕಿಂತ ತೆಳುವಾದರೆ ಮರ ಬ್ಲೇಡಿಗೆ ಒತ್ತುತ್ತದೆ. ದಪ್ಪವಾದರೆ ಹಲಗೆ ನಡುವೆ ಸಿಕ್ಕಿಕೊಳ್ಳುತ್ತದೆ, ಆಗ ಹುಡುಗರು ಅದನ್ನು ಬಿಚ್ಚಿ ಎಸೆಯುತ್ತಾರೆ. ಹೊಸ ಬ್ಲೇಡು ತಂದಾಗ ಕ್ಯಾಲಿಪರ್ ಹಿಡಿದು ಈ ಮೂರು ಅಳತೆ ನೋಡಿ. ಹಲ್ಲಿಗೂ ತಗಡಿಗೂ 3ರಿಂದ 8 ಮಿಲಿಮೀಟರ್ ಅಂತರ, ಎತ್ತರ ಬ್ಲೇಡಿಗಿಂತ ಒಂದೆರಡು ಮಿಲಿಮೀಟರ್ ಕಡಿಮೆ. ಹಾಗಿದ್ದರೆ ಗಾಡಿ ಹೊಡೆಯುವಾಗಲೂ, ಅಂದರೆ ಹಲಗೆಯನ್ನು ಪೂರ್ತಿ ಸೀಳದೆ ಗಾಳಿ ತೋಡುವಾಗಲೂ, ಬಿಚ್ಚಬೇಕಿಲ್ಲ. ಮೇಲಿನ ಗಾರ್ಡು ಗಾಡಿ ಹೊಡೆಯಲು ಅಡ್ಡ ಬರುತ್ತದೆ, ತೆಳು ಪಟ್ಟಿ ಸೀಳಲು ಅಡ್ಡ ಬರುತ್ತದೆ. ಒಮ್ಮೆ ಬಿಚ್ಚುತ್ತೇವೆ, ಮರಳಿ ಹಾಕುವುದು ನಾಳೆಗೆ ಅನ್ನುತ್ತೇವೆ. ಬಿಚ್ಚುವ ಅಗತ್ಯವೇ ಬಾರದ ಸಾಧನವೇ ನಿಜವಾದ ಸಾಧನ.

ಈಗ ಬೆರಳು ತಾಗಿದರೆ ತಾನೇ ನಿಲ್ಲುವ ಆ ಅಮೆರಿಕದ ಮಶೀನಿನ ಕತೆ. ಸ್ಟೀಫನ್ ಗ್ಯಾಸ್ ಎಂಬ ಭೌತಶಾಸ್ತ್ರ ಓದಿದ ಪೇಟೆಂಟ್ ವಕೀಲ, ಮರಗೆಲಸ ಅವರ ಹವ್ಯಾಸ. 1999ರಲ್ಲಿ ತನ್ನ ಟೇಬಲ್ ಸಾ ನೋಡುತ್ತ, ಬೆರಳು ತಾಗಿದ ಕೂಡಲೇ ಬ್ಲೇಡು ನಿಲ್ಲಿಸಲು ಆಗದೇ ಅಂತ ಯೋಚಿಸಿದರು. ಬ್ಲೇಡಿಗೆ ಸಣ್ಣ ವಿದ್ಯುತ್ ಸಂಕೇತ ಹರಿಸಿದರು. ಮೈ ತಾಗಿದರೆ ಆ ಸಂಕೇತ ಕುಸಿಯುತ್ತದೆ, ತಂತಿ ಸುಟ್ಟು ಸ್ಪ್ರಿಂಗು ಬಿಡುತ್ತದೆ, ಅಲ್ಯೂಮಿನಿಯಂ ಗಟ್ಟಿ ಹಲ್ಲಿಗೆ ಕಚ್ಚಿಕೊಳ್ಳುತ್ತದೆ, ಬ್ಲೇಡು ಮೇಜಿನೊಳಕ್ಕೆ ಇಳಿಯುತ್ತದೆ. ಎಲ್ಲ ಸೇರಿ 5 ಮಿಲಿಸೆಕೆಂಡು. ಮೊದಲು ಸಾಸೇಜು ತಾಗಿಸಿ ನೋಡಿದರು, ಆಮೇಲೆ ತನ್ನದೇ ಬೆರಳು ಕೊಟ್ಟು ತೋರಿಸಿದರು! ಸಾಸ್ಟಾಪ್ ಎಂಬ ಹೆಸರಿನಲ್ಲಿ 2004ರಲ್ಲಿ ಮಾರುಕಟ್ಟೆಗೆ ಬಂತು. ಕೊಳ್ಳಲು ಶಕ್ತಿ ಇರುವವರು ಖಂಡಿತ ಕೊಳ್ಳಿ.

ಆದರೆ ಮಿತಿ ಗೊತ್ತಿರಲಿ. ಬೆರಳು ಸೆಕೆಂಡಿಗೆ 30 ಸೆಂಟಿಮೀಟರ್ ವೇಗದಲ್ಲಿ ತಾಗಿದರೆ 5 ಮಿಲಿಸೆಕೆಂಡಿನಲ್ಲಿ ಒಂದೂವರೆ ಮಿಲಿಮೀಟರ್ ಒಳಹೋಗುತ್ತದೆ, ಹೊಲಿಗೆಯಲ್ಲಿ ಮುಗಿಯಬಹುದು. ಚಿಮ್ಮಿದ ಹಲಗೆ ಕೈಯನ್ನು ಹತ್ತುಪಟ್ಟು ವೇಗವಾಗಿ ಎಳೆದರೆ ಹದಿನೈದು ಮಿಲಿಮೀಟರ್. ಹೊಟ್ಟೆಗೆ ಬಡಿಯುವ ಹಲಗೆಯಂತೂ ಆ ಮಶೀನಿಗೆ ಗೊತ್ತೇ ಆಗುವುದಿಲ್ಲ. ಮುಂಬಯಿ ಮಳೆಯಲ್ಲಿ ನೆನೆದ ಮರ, ಅಲ್ಯೂಮಿನಿಯಂ ಇರುವ ಎಸಿಪಿ ಶೀಟು ತಾಗಿದರೂ ಬ್ರೇಕು ಬೀಳಬಹುದು. ಒಮ್ಮೆ ಬಿದ್ದರೆ ಬ್ರೇಕಿನ ಕಾರ್ಟ್ರಿಜ್ ಹೊಸದು ಬೇಕು, ಬ್ಲೇಡೂ ಬಹುಮಟ್ಟಿಗೆ ಹೋದಂತೆ. ಆ ಖರ್ಚಿಗೆ ಹೆದರಿ ಸೆನ್ಸರ್ ಬಂದ್ ಮಾಡಿಟ್ಟರೆ ಅದೂ ಬೆಂಚಿನ ಕೆಳಗಿನ ಗಾರ್ಡೇ.

ನಮ್ಮ ಸೈಟುಗಳಲ್ಲಿ ಇರುವುದಾದರೂ ಏನು? 4 ಇಂಚಿನ ಮಾರ್ಬಲ್ ಕಟರು. ಪ್ಲೈಗೆ ಸೀಳು ಮಾಡಿ, ಕಟರನ್ನು ಕೆಳಗಿನಿಂದ ತಲೆಕೆಳಗಾಗಿ ಸ್ಕ್ರೂ ಹಾಕಿ, ಮರದ ಬ್ಲೇಡು ತೊಡಿಸಿ, ಸ್ವಿಚ್ಚಿನ ಲಾಕು ಒತ್ತಿಬಿಡುತ್ತಾರೆ. 110 ಮಿಲಿಮೀಟರ್ ಬ್ಲೇಡು, ಸುಮಾರು 13,000 ಸುತ್ತು, ಹಲ್ಲಿಗೆ ಗಂಟೆಗೆ 270 ಕಿಲೋಮೀಟರ್! ಹಿಂದಿನ ತಗಡಿಲ್ಲ, ಮೇಲಿನ ಗಾರ್ಡಿಲ್ಲ, ತುರ್ತಿಗೆ ಆರಿಸಬೇಕಾದ ಸ್ವಿಚ್ಚು ಮೇಜಿನಡಿ ಕತ್ತಲಲ್ಲಿ. ಕಲ್ಲಿಗೆಂದು ಮಾಡಿದ ಮಶೀನು ಅದು. ದಯವಿಟ್ಟು ಈ ಹಬ್ಬಕ್ಕೆ ಆ ಸ್ಕ್ರೂ ಬಿಚ್ಚಿ. ಸೈಟಿನಲ್ಲಿ ಪ್ಲೈ ಸೀಳಲು ಕೆಳಗಾರ್ಡು ತಾನೇ ಮುಚ್ಚಿಕೊಳ್ಳುವ 7 ಇಂಚಿನ ಸರ್ಕ್ಯುಲರ್ ಸಾ ತಗೊಳ್ಳಿ, ಪಟ್ಟಿಯೊಂದನ್ನು ಕ್ಲ್ಯಾಂಪು ಮಾಡಿ ಅದರ ಗುಂಟ ಓಡಿಸಿ. 1948ರ ಕಾರ್ಖಾನೆ ಕಾಯಿದೆಯ 21ನೇ ಕಲಮು ಅಪಾಯದ ಯಂತ್ರಭಾಗಕ್ಕೆ ಬೇಲಿ ಇರಲೇಬೇಕು ಅಂದಿತ್ತು. ನಾಲ್ಕು ಜನರ ಗಾಲಾ ಆ ಲೆಕ್ಕಕ್ಕೇ ಬರಲಿಲ್ಲ. ಅಲ್ಲಿ ಬೇಲಿ ಹಾಕಬೇಕಾದವರು ನೀವೇ.

ವಿರಾರ್ ಕಡೆಯ ಲೋಕಲ್ ರೈಲು ಹಿಡಿಯಬೇಕಾದವರು ಗಡಿಯಾರ ನೋಡುತ್ತಿದ್ದೀರಿ. ಉಳಿದದ್ದು ಬೇಗ ಹೇಳುತ್ತೇನೆ. ಬ್ಲೇಡು ಮರಕ್ಕಿಂತ ಐದಾರು ಮಿಲಿಮೀಟರ್ ಮೇಲಿದ್ದರೆ ಸಾಕು. ಒಂದೇ ಹಲ್ಲಿಗೆ ಗುರುತು ಹಾಕಿ, ಅದನ್ನು ಮುಂದೆ ತಂದು ಒಮ್ಮೆ, ಹಿಂದೆ ತಿರುಗಿಸಿ ಒಮ್ಮೆ ಫೆನ್ಸಿನ ಅಂತರ ಅಳೆಯಿರಿ. ಹಿಂದೆ ಕಡಿಮೆ ಬರಲೇಬಾರದು. ಅಡ್ಡ ಕೊಯ್ಯುವಾಗ ಫೆನ್ಸು, ಮೈಟರ್ ಗೇಜು (ಹಲಗೆಯನ್ನು ಕೋನಕ್ಕೆ ಹಿಡಿದು ತಳ್ಳುವ ಸಾಧನ) ಎರಡನ್ನೂ ಒಟ್ಟಿಗೆ ಬಳಸಬೇಡಿ. ಬ್ಲೇಡಿನ ನೇರಕ್ಕೆ ನಿಲ್ಲಬೇಡಿ. ಕೈಗವಸು ಬೇಡ, ಹಲ್ಲಿಗೆ ಸಿಕ್ಕರೆ ಕೈಯನ್ನೇ ಎಳೆಯುತ್ತದೆ. ಕರೆಂಟು ಹೋಗಿ ಬಂದಾಗ ಮಶೀನು ತಾನೇ ಶುರುವಾಗದಂಥ ಸ್ವಿಚ್ಚು ಹಾಕಿಸಿ.

ತಳ್ಳುಕೋಲಿಗೆ 12 ಮಿಲಿಮೀಟರ್ ಪ್ಲೈ ಚೂರು ಸಾಕು. ಉದ್ದ 35 ಸೆಂಟಿಮೀಟರ್, ತುದಿಯಲ್ಲಿ ಹಲಗೆಯ ಹಿಂಬದಿ ಕೂರುವಂಥ ಕಚ್ಚು. ಫೆನ್ಸಿಗೂ ಬ್ಲೇಡಿಗೂ 15 ಸೆಂಟಿಮೀಟರಿಗಿಂತ ಕಡಿಮೆ ಜಾಗವಿದ್ದರೆ ಕೈ ಬೇಡ, ಕೋಲು. ಅದನ್ನು ಗೋಡೆಗೆ ತೂಗಬೇಡಿ, ಫೆನ್ಸಿಗೇ ಮೊಳೆ ಹೊಡೆದು ತೂಗಿ. ಸ್ವಿಚ್ಚು ಒತ್ತುವ ಮುಂಚೆ ಕಣ್ಣಿಗೆ ಬೀಳಬೇಕು. ಮೂರು ಬಗೆಯ ಕೋಲು ಈ ಮೇಜಿನ ಮೇಲಿದೆ, ಪೆನ್ಸಿಲ್ಲೂ ರಟ್ಟೂ ಪಕ್ಕದಲ್ಲಿದೆ. ಹೋಗುವಾಗ ಅಚ್ಚು ತೆಗೆದುಕೊಂಡು ಹೋಗಿ.